ಪೂಜೆಯ ಪಂಕ್ತಿ

ಹಿಮೋಫಿಲಿಯಾಗೆ, ಅಂದರೆ ರಕ್ತ ಹೆಪ್ಪುಗಟ್ಟದ ಕುಸುಮ ರೋಗಕ್ಕೆ, ಒಂದೇ ಸೂಜಿಯ ಮದ್ದು ಬಂದ ವರ್ಷ, ಆ ರೋಗದ ಕಥೆ ಮುಗಿಯಿತು ಎಂದು ಪತ್ರಿಕೆಗಳೆಲ್ಲ ಬರೆದವು. ಬಹುಮಟ್ಟಿಗೆ ಮುಗಿಯಿತು ಕೂಡ. ಒಂದು ನಿರುಪದ್ರವಿ ವೈರಸ್ಸಿನ ಬೆನ್ನ ಮೇಲೆ ಸರಿಯಾದ ಜೀನನ್ನು ಕೂರಿಸಿ ಯಕೃತ್ತಿಗೆ ಕಳಿಸುವುದು. ಅಲ್ಲಿಂದ ಮುಂದೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನನ್ನು ಮೈಯೇ ಮಾಡಿಕೊಳ್ಳುತ್ತದೆ. ಆದರೆ ಕೆಲವರ ಮೈಗೆ ಆ ವೈರಸ್ಸಿನ ಪರಿಚಯ ಚಿಕ್ಕಂದಿನಲ್ಲೇ ಆಗಿಹೋಗಿತ್ತು. ಯಾವುದೋ ನೆಗಡಿಯ ಜೊತೆ ಬಂದುಹೋಗಿದ್ದ ಅದನ್ನು ಅವರ ರಕ್ತ ಮರೆತಿರಲಿಲ್ಲ. ಅದೇ ವೈರಸ್ಸು ಮದ್ದು ಹೊತ್ತು ಬಂದಾಗ ಬಾಗಿಲಲ್ಲೇ ಹೊಡೆದುಹಾಕಿತು. ಅಂಥವರಿಗೆ ಹಳೆಯ ಮದ್ದೇ ಗತಿ. ಬೇರೆಯವರ ರಕ್ತದಿಂದ ಆ ಪ್ರೋಟೀನನ್ನು ಶುದ್ಧಮಾಡಿ ತೆಗೆದು, ಬದುಕಿರುವಷ್ಟು ಕಾಲ ಚುಚ್ಚಿಸಿಕೊಳ್ಳಬೇಕು.

ಹಳೆಯ ಮದ್ದು ಮಾಡುತ್ತಿದ್ದ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಊರೆಲ್ಲ ಉಂಡೆದ್ದ ಮೇಲೆ ಬಂದವನಿಗಾಗಿ ಮತ್ತೆ ಒಲೆ ಹಚ್ಚುವವರು ಯಾರು? ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಸೇರಿಸಿದರೆ ಅಂಥವರು ನಲವತ್ತು ಮಂದಿ ಇದ್ದರು. ತಮ್ಮನ್ನು ತಾವೇ ‘ಉಳಿದವರು’ ಎಂದು ಕರೆದುಕೊಳ್ಳುತ್ತಿದ್ದರು. ಅಳುವ ಬದಲು ನಗೋಣ ಎಂದು ಇಟ್ಟುಕೊಂಡ ಹೆಸರು. ನಗು ಹೆಚ್ಚು ದಿನ ಬಾಳಲಿಲ್ಲ, ಹೆಸರು ಮಾತ್ರ ನಿಂತಿತು.

ಈ ಉಳಿದವರಿಗಾಗಿ ಭದ್ರಾವತಿಯಲ್ಲಿ, ಎಂದೋ ಮುಚ್ಚಿದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ, ಎರಡು ಬೀರುವಿನಷ್ಟು ದೊಡ್ಡ ಯಂತ್ರ ಕೂತಿತ್ತು. ಅದನ್ನು ನಡೆಸುವವಳು ಶೈಲಶ್ರೀ. ಅವಳ ತಮ್ಮ ಪ್ರಮೋದನೂ ಉಳಿದವರಲ್ಲಿ ಒಬ್ಬ.

ಯಂತ್ರದ ಕೆಲಸ ಹೇಳುವುದು ಸುಲಭ. ದಾನಿಗಳ ರಕ್ತದಿಂದ ಬೇರ್ಪಡಿಸಿದ ತಿಳಿಹಳದಿ ಪ್ಲಾಸ್ಮಾ ಒಂದು ಕಡೆಯಿಂದ ಬರುತ್ತದೆ. ಅದರಲ್ಲಿ ವೈರಸ್ಸಿದ್ದರೆ? ವೈರಸ್ಸುಗಳಲ್ಲಿ ಕೆಟ್ಟವು ಬಹಳಷ್ಟು ಕೊಬ್ಬಿನ ಅಂಗಿ ತೊಟ್ಟಿರುತ್ತವೆ. ಸೋಪಿನಂಥ ಒಂದು ದ್ರಾವಣ ಬೆರೆಸಿದರೆ ಆ ಅಂಗಿ ಕರಗಿ ಅವು ಸಾಯುತ್ತವೆ. ಆದರೆ ಅದಕ್ಕೆ ಹೊತ್ತು ಬೇಕು. ಹಿಂದೆಲ್ಲ ದೊಡ್ಡ ತೊಟ್ಟಿಯಲ್ಲಿ ಕಲಸಿ ಇಟ್ಟು ಕಾಯುತ್ತಿದ್ದರು. ಇಲ್ಲಿ ತೊಟ್ಟಿ ಇರಲಿಲ್ಲ. ಪ್ಲಾಸ್ಮಾವೂ ಸೋಪೂ ಕೂಡಿ ಉದ್ದನೆಯ ಪಾರದರ್ಶಕ ಕೊಳವೆಯಲ್ಲಿ ಹರಿಯುತ್ತಲೇ ಇರಬೇಕು, ಹರಿಯುತ್ತಲೇ ವೈರಸ್ಸು ಸಾಯಬೇಕು. ನೇರ ಕೊಳವೆಯಾದರೆ ನಡುವಿನ ದ್ರವ ಮುಂದೆ ಓಡುತ್ತದೆ, ಅಂಚಿನದು ಹಿಂದೆ ಬೀಳುತ್ತದೆ; ಓಡಿದ್ದರಲ್ಲಿ ಜೀವಂತ ವೈರಸ್ಸು ಉಳಿಯಬಹುದು. ಅದಕ್ಕೇ ಕೊಳವೆಯನ್ನು ಸುರುಳಿ ಸುತ್ತಿದ್ದರು. ತಿರುವಿನಲ್ಲಿ ದ್ರವ ಒಳಗೊಳಗೇ ಮಗುಚಿಕೊಂಡು ನಡುವಿನದು ಅಂಚಿಗೆ, ಅಂಚಿನದು ನಡುವಿಗೆ ಬರುತ್ತದೆ. ಯಾರೂ ಸಾಲು ತಪ್ಪಿಸಿ ಮುಂದೆ ನುಸುಳುವ ಹಾಗಿಲ್ಲ. ಕೆಲಸದವರು ಅದಕ್ಕೆ ‘ಜಿಲೇಬಿ’ ಎನ್ನುತ್ತಿದ್ದರು.

ಜಿಲೇಬಿ ದಾಟಿದ ಮೇಲೆ ಸೋಪನ್ನು ತೊಳೆದು, ಪ್ರೋಟೀನನ್ನು ಹಿಡಿದು, ಶೀಶೆಗಳಿಗೆ ತುಂಬುವುದು. ನಿಲ್ಲದೆ ಹರಿಯುವುದರಲ್ಲಿ ಇದು ಈ ಸಲದ್ದು, ಅದು ಆ ಸಲದ್ದು ಎಂದು ಗೆರೆ ಎಳೆಯುವುದು ಕಷ್ಟ. ಗಡಿಯಾರ ನೋಡಿ ಕತ್ತರಿಸಬೇಕು. ಹಾಗೆ ಕತ್ತರಿಸಿದ ಒಂದೊಂದು ತುಂಡಿಗೆ ಹಿರಿಯ ಕೆಲಸಗಾರ ತಿಪ್ಪೇರುದ್ರಪ್ಪ ಇಟ್ಟ ಹೆಸರು ‘ಪಂಕ್ತಿ’. ಕ್ಯಾಂಟೀನಿನಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಬೇಗ ಬಾಯಿಗೆ ಹತ್ತಿತು. ಒಂದು ಪಂಕ್ತಿಯಲ್ಲಿ ಇಪ್ಪತ್ತು ಶೀಶೆ ಬಂದರೆ ಹಬ್ಬ.

ಹಬ್ಬವೇ ಬಂತು. ಆಯುಧ ಪೂಜೆಯ ಹಿಂದಿನ ದಿನ ತಿಪ್ಪೇರುದ್ರಪ್ಪ ಕಂಟ್ರೋಲ್ ರೂಮಿನ ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತ. ಹರೆಯದಲ್ಲಿ ಕುಲುಮೆಯ ಮುಂದೆ ಬೆಂದು ಬಂದವನು ಅವನು. ಯಂತ್ರವೆಂದರೆ ಅವನಿಗೆ ಮನೆಯ ದನದ ಹಾಗೆ, ಮೈ ಸವರದೆ ದಿನ ಕಳೆಯುತ್ತಿರಲಿಲ್ಲ.

“ಮೇಡಂ, ನಾಳೆ ಪೂಜೆ ಹೊತ್ತಲ್ಲಿ ಮೆಷಿನ್ ಒಂದ್ ಗಳಿಗೆ ನಿಲ್ಸಿದ್ರೆ ಆಗಲ್ವಾ? ಆಯುಧ ಆ ದಿನ ದುಡೀಬಾರದು. ನಮ್ ಕಡೆ ಕುಡುಗೋಲೂ ಮುಟ್ಟಲ್ಲ.”

“ನಿಲ್ಸಿದ್ರೆ ಜಿಲೇಬಿಲಿರೋದನ್ನೆಲ್ಲ ಚೆಲ್ಲಬೇಕಾಗತ್ತೆ, ನಿಮಗೆ ಗೊತ್ತಲ್ಲ.”

“ಗೊತ್ತು. ಅದಕ್ಕೇ ಕೇಳೋಕೆ ಹಿಂಜರಿಕೆ. ಆದ್ರೂ ವರ್ಷಕ್ಕೊಂದಿನ. ಪಾಪ, ಅದೂ ಒಂದ್ ಸಲ ಉಸಿರು ಬಿಡ್ಲಿ.”

ಶೈಲಶ್ರೀಗೆ ಅವನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಪೂಜೆಗೆ ಬರುವ ಕಾರ್ಖಾನೆ ಕಾಲೊನಿಯವರೆಲ್ಲ ಅಂದು ಪ್ಲಾಸ್ಮಾ ಕೊಟ್ಟೇ ಹೋಗುವುದು ರೂಢಿ; ಅದು ಅಂದೇ ಯಂತ್ರಕ್ಕೆ ಸೇರುತ್ತಿತ್ತು. ಅವರನ್ನೆಲ್ಲ ಕರೆತರುವವನೂ ಅವನೇ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ಯೋಚಿಸಿ ಅವಳೇ ಒಂದು ದಾರಿ ಹೇಳಿದಳು. “ನಿಲ್ಲಿಸೋದು ಬೇಡ. ಪೂಜೆ ಮುಗಿಯೋ ತನಕ ಪಂಪು ನಿಧಾನ ಮಾಡೋಣ. ನಿಧಾನವಾದ್ರೆ ಸೋಪಿನ ಜೊತೆ ಇನ್ನೂ ಜಾಸ್ತಿ ಹೊತ್ತು ಇರತ್ತೆ. ಅದು ಒಳ್ಳೇದೇ.”

ತಿಪ್ಪೇರುದ್ರಪ್ಪ ಮಗುವಿನ ಹಾಗೆ ನಕ್ಕ. ಮರುದಿನ ಬೀರುವಿನಂಥ ಯಂತ್ರಕ್ಕೆ ಚೆಂಡುಹೂವಿನ ಸರ, ಕುಂಕುಮ, ಅಡಿಕೆಪಟ್ಟೆಯಲ್ಲಿ ಮಂಡಕ್ಕಿ. ಪಂಪು ಗುನುಗುವುದನ್ನು ಕಡಿಮೆ ಮಾಡಿತು. ಜಿಲೇಬಿಯೊಳಗೆ ಹಳದಿ ದ್ರವ ತೂಕಡಿಸುತ್ತ ಸಾಗಿತು. ಹೊರಗೆ ಬೂದುಗುಂಬಳ ಒಡೆದರು. ಯಾರಿಗೂ ಅಂದು ಯಾವ ಚಿಂತೆಯೂ ಇರಲಿಲ್ಲ.

ಮನೆಯಲ್ಲಿ ಪ್ರಮೋದ ಹಬ್ಬದ ಮರುದಿನದಿಂದ ಎರಡು ವಾರ ನಡೆಯುವ ಕಬಡ್ಡಿ ಪಂದ್ಯಾವಳಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಊರಿನಲ್ಲಿ ಅವನು ‘ಕಾಮೆಂಟ್ರಿ ಪ್ರಮೋದ’. ಮಂಡಿಗಳೆರಡೂ ಬಾಲ್ಯದಲ್ಲೇ ರಕ್ತ ತುಂಬಿ ತುಂಬಿ ಬಿಗಿದುಹೋಗಿದ್ದವು. ಆಡಲಾರದ ಆಟವನ್ನೆಲ್ಲ ಬಾಯಲ್ಲಿ ಆಡುತ್ತಿದ್ದ. ಮೈಕು ಹಿಡಿದರೆ ಊರಿಗೆ ಊರೇ ನಿಂತು ಕೇಳುತ್ತಿತ್ತು.

“ಮೆಷಿನ್ನಿಗೆ ರಜ ಕೊಟ್ಯಂತೆ,” ಎಂದ ಊಟಕ್ಕೆ ಕೂತಾಗ. “ನಂಗೊಂದು ರಜ ಕೊಡೇ ಅಕ್ಕ, ಈ ಸೂಜಿಯಿಂದ.”

“ಅಮ್ಮನ್ನ ಕೇಳು. ಅವಳೇ ಕೊಟ್ಟಿದ್ದು.”

ಈ ರೋಗ ತಾಯಿಯಿಂದ ಗಂಡುಮಕ್ಕಳಿಗೆ ಇಳಿದು ಬರುತ್ತದೆ. ಅಕ್ಕತಮ್ಮ ಇದನ್ನು ತಮಾಷೆ ಮಾಡುತ್ತಿದ್ದರು. ಅಮ್ಮ ಸರ್ವಮಂಗಳಮ್ಮ ಮಾತ್ರ ಒಂದು ಸಲವೂ ನಕ್ಕಿರಲಿಲ್ಲ. ಅಂದೂ ಸುಮ್ಮನೆ ಇಬ್ಬರ ತಟ್ಟೆಗೂ ಇನ್ನೊಂದು ಹೋಳಿಗೆ ಹಾಕಿ ಒಳಗೆ ಹೋದಳು.

ಮುಂದಿನ ವಾರ ಆಸ್ಪತ್ರೆಯಿಂದ ಫೋನು ಬಂತು. ಪೂಜೆಯ ದಿನ ಪ್ಲಾಸ್ಮಾ ಕೊಟ್ಟಿದ್ದ ಕಾಲೊನಿಯ ಮೇಷ್ಟರೊಬ್ಬರಿಗೆ ಹೊಸ ಬಗೆಯ ಕಾಮಾಲೆ ಹಿಡಿದಿತ್ತು. ಅದನ್ನು ತರುವುದು ಯಕೃತ್ತನ್ನು ಮೆಲ್ಲಗೆ ತಿಂದು ಮುಗಿಸುವ, ಕೊಬ್ಬಿನ ಅಂಗಿ ತೊಟ್ಟ ವೈರಸ್ಸು. ಅದಕ್ಕೆ ಹೆದರಿಯೇ ಆಸ್ಪತ್ರೆಗಳು ಶುದ್ಧಮಾಡದ ಹಸಿ ಪ್ಲಾಸ್ಮಾ ಏರಿಸುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಮೇಷ್ಟರು ಕೊಟ್ಟ ದಿನ ಪರೀಕ್ಷೆಯಲ್ಲಿ ಏನೂ ಕಂಡಿರಲಿಲ್ಲ; ಹೊಸದಾಗಿ ಹತ್ತಿದ ಸೋಂಕು ಕೆಲವು ದಿನ ಯಾವ ಪರೀಕ್ಷೆಗೂ ಸಿಗುವುದಿಲ್ಲ.

ಶೈಲಶ್ರೀ ಗಾಬರಿಯಾಗಲಿಲ್ಲ. ಇಂಥದ್ದಕ್ಕೇ ಅಲ್ಲವೇ ಜಿಲೇಬಿ ಇರುವುದು? ನಿಯಮಕ್ಕಾಗಿ ಆ ದಿನದ ಅಂಕಿಗಳನ್ನು ಪರದೆಯ ಮೇಲೆ ತೆಗೆದಳು. ಪ್ಲಾಸ್ಮಾಕ್ಕೆ ಸೇರಿದ ಸೋಪು ಸರಿ. ಕೊಳವೆಯಲ್ಲಿ ಕಳೆದ ಸರಾಸರಿ ಸಮಯ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು.

“ಎಲ್ಲಾ ಹಸಿರು ತೋರಿಸ್ತಿದೆ ಮೇಡಂ,” ಎಂದ ತಿಪ್ಪೇರುದ್ರಪ್ಪ ಹಿಂದಿನಿಂದ.

ಅವಳ ಕಣ್ಣು ‘ಸರಾಸರಿ’ ಎಂಬ ಮಾತಿನ ಮೇಲೆ ನಿಂತಿತು. ಕೊಳದ ಸರಾಸರಿ ಆಳ ಮೊಣಕಾಲುದ್ದ ಎಂದು ನಂಬಿ ಇಳಿದವನು ಮುಳುಗುವುದು ನಡುಮಧ್ಯದಲ್ಲಿ. ಮಧ್ಯಾಹ್ನ ಅವಳು ಲ್ಯಾಬಿನಲ್ಲಿ ಜಿಲೇಬಿಯ ಚಿಕ್ಕ ನಮೂನೆಯೊಂದಕ್ಕೆ ನೀರು ಬಿಟ್ಟಳು. ಸೋಪು ಸೇರುವ ಜಾಗದಲ್ಲಿ ನೀಲಿ ಬಣ್ಣ ಹಾಕಿದ ಸೋಪನ್ನೇ ಬಿಟ್ಟಳು. ಎಂದಿನ ವೇಗದಲ್ಲಿ ಮೊದಲ ಎರಡು ತಿರುವಿನೊಳಗೇ ನೀರೆಲ್ಲ ಒಂದೇ ನೀಲಿಯಾಯಿತು. ಆಮೇಲೆ ಪಂಪನ್ನು ಪೂಜೆಯ ದಿನದಷ್ಟು ನಿಧಾನ ಮಾಡಿದಳು.

ನೀಲಿ ಬೆರೆಯಲಿಲ್ಲ. ಕೊಳವೆಯ ತಳಕ್ಕೆ ಅಂಟಿಕೊಂಡು ಸೀರೆಯ ಅಂಚಿನ ಹಾಗೆ ಒಂದೇ ಗೆರೆಯಾಗಿ ಸಾಗಿತು. ಅದರ ಮೇಲೆ ಬಣ್ಣವಿಲ್ಲದ ನೀರು ತನ್ನ ಪಾಡಿಗೆ ತಾನು ಹರಿಯಿತು. ದ್ರವ ಮಗುಚಿಕೊಳ್ಳಲು ವೇಗ ಬೇಕು. ವೇಗ ಹೋದರೆ ಸುರುಳಿ ಇದ್ದೂ ಇಲ್ಲದ ಹಾಗೆ. ಎಷ್ಟು ಹೊತ್ತು ಜೊತೆಗಿದ್ದರೇನು, ಒಬ್ಬರನ್ನೊಬ್ಬರು ಮುಟ್ಟದೇ ಇದ್ದ ಮೇಲೆ.

ತಿಪ್ಪೇರುದ್ರಪ್ಪ ಆ ನೀಲಿ ಗೆರೆಯನ್ನು ಬಹಳ ಹೊತ್ತು ನೋಡಿದ. ಅವನ ಮುಖ ಕಪ್ಪಿಟ್ಟಿತು. “ನಾವು ಪೂಜೆ ಮಾಡಿದ್ದೇ ತಪ್ಪಾಯ್ತಾ ಮೇಡಂ?”

“ಪೂಜೆ ತಪ್ಪಲ್ಲ. ನಿಧಾನ ಮಾಡಿದ್ದು ತಪ್ಪು. ಅದನ್ನ ಹೇಳಿದ್ದು ನಾನು.”

“ನಾನು ಕೇಳದೇ ಇದ್ದಿದ್ರೆ ನೀವು ಹೇಳ್ತಿರ್ಲಿಲ್ಲ.”



ಪೂಜೆಯ ಪಂಕ್ತಿಯ ಶೀಶೆಗಳೂ ಅದರ ನಂತರದವೂ ಇನ್ನೂ ಕೋಲ್ಡ್ ರೂಮಿನಲ್ಲೇ ಇದ್ದವು, ಯಾರಿಗೂ ಹಂಚಿರಲಿಲ್ಲ. ಅಷ್ಟೇ ಪುಣ್ಯ. ಪರೀಕ್ಷೆಗೆ ಕಳಿಸಿ ಪ್ರಯೋಜನವಿರಲಿಲ್ಲ. ಪರೀಕ್ಷಿಸಿದ ಹನಿಯಲ್ಲಿ ಇಲ್ಲ ಎಂದಾದರೆ ಪಕ್ಕದ ಹನಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಆದರೆ ಹೊರಗೆ ಬೇರೆ ಶೀಶೆಯೂ ಇರಲಿಲ್ಲ. ಉಳಿದವರ ಬದುಕೇ ಹಾಗೆ, ಇವತ್ತಿನ ಹಿಟ್ಟಿಗೆ ಇವತ್ತು ಬೀಸುವುದು. ಆಮೇಲಿನ ಪ್ಲಾಸ್ಮಾವೂ ಅದೇ ಕೊಳವೆಯಲ್ಲಿ ಹಾದಿದ್ದರಿಂದ ಇಡೀ ಸಾಲನ್ನೇ ನಿಲ್ಲಿಸಿ, ಜಿಲೇಬಿ ಬದಲಿಸಿ, ತೊಳೆದು, ಮತ್ತೆ ಸರಿಯಿದೆ ಎಂದು ಸಾಧಿಸುವ ತನಕ ಒಂದು ತಿಂಗಳು ಮದ್ದಿಲ್ಲ. ಶೈಲಶ್ರೀ ನಲವತ್ತು ಮನೆಗೂ ಸುದ್ದಿ ಕಳಿಸಿದಳು. ಎಚ್ಚರದಿಂದಿರಿ, ಬೀಳಬೇಡಿ, ಎಡವಬೇಡಿ. ಜನಕ್ಕೆ ಬೀಳಬೇಡಿ ಎಂದು ಹೇಳುವ ಕೆಲಸ ತನ್ನ ಪಾಲಿಗೆ ಬಂತಲ್ಲ ಎಂದು ಅವಳಿಗೆ ಅಳು ಬಂತು.

ಶೀಶೆಗಳನ್ನು ಅವರಿಬ್ಬರೇ ಒಡೆದು ಸುಣ್ಣದ ನೀರಿಗೆ ಸುರಿದರು. ಕೊನೆಯ ಕೆಲವು ಉಳಿದಿದ್ದಾಗ ತಿಪ್ಪೇರುದ್ರಪ್ಪ ಎದ್ದು, “ಇನ್ನೊಂದ್ ಬಕೆಟ್ ತರ್ತೀನಿ” ಎಂದು ಹೊರಗೆ ಹೋದ. ಬಕೆಟ್ಟು ಅಲ್ಲೇ ಮೂಲೆಯಲ್ಲಿತ್ತು. ಅವನು ಬೇಗ ಬರಲೂ ಇಲ್ಲ. ಬಂದಾಗ ಶೀಶೆಗಳಲ್ಲಿ ಒಂದು ಕಡಿಮೆಯಿತ್ತು. ಅವನು ಲೆಕ್ಕ ಮಾಡಲಿಲ್ಲ.

ಆ ಶೀಶೆ ಮನೆಯ ಫ್ರಿಜ್ಜಿನಲ್ಲಿ, ದೋಸೆಹಿಟ್ಟಿನ ಪಾತ್ರೆಯ ಹಿಂದೆ, ಕರವಸ್ತ್ರದಲ್ಲಿ ಸುತ್ತಿ ಕೂತಿತು. ಶೈಲಶ್ರೀ ಅದರ ಬಗ್ಗೆ ಯೋಚಿಸದಿರಲು ಪ್ರಯತ್ನಿಸಿದಳು. ಸುಮ್ಮನೆ ಇರಲಿ, ಬಳಸುವುದಕ್ಕಲ್ಲ ಎಂದುಕೊಂಡಳು. ಬಳಸುವುದಕ್ಕಲ್ಲದ ವಸ್ತುವನ್ನು ಯಾರೂ ಅಷ್ಟು ಜೋಪಾನವಾಗಿ ಸುತ್ತಿಡುವುದಿಲ್ಲ.

ತರೀಕೆರೆಯಿಂದ ಮೊದಲ ಫೋನು ಬಂತು. ಉಳಿದವರಲ್ಲೊಬ್ಬನಾದ ಬಸ್ ಕಂಡಕ್ಟರ್ ನಾಗಭೂಷಣನ ಹೆಂಡತಿ ಜಯಶೀಲ. ಗಂಡನಿಗೆ ಕರುಳಿನಲ್ಲಿ ರಕ್ತ ಸೋರುತ್ತಿದೆ, ಆಸ್ಪತ್ರೆಯವರು ಮದ್ದು ತನ್ನಿ ಎನ್ನುತ್ತಿದ್ದಾರೆ.

“ಒಂದಾದ್ರೂ ಇದ್ರೆ ನೋಡಿ ಮೇಡಂ. ಕೆಟ್ಟದ್ದಾದ್ರೂ ಪರವಾಗಿಲ್ಲ.”

“ಇಲ್ಲಮ್ಮ. ಎಲ್ಲ ಚೆಲ್ಲಿಬಿಟ್ವಿ. ಒಂದೂ ಉಳಿದಿಲ್ಲ.”

“ನೀವು ಹೇಳಿದ್ಮೇಲೆ ಮುಗೀತು. ನೀವಿದ್ರೆ ಕೊಡದೇ ಇರ್ತೀರಾ,” ಎಂದು ಅವಳು ಫೋನು ಇಟ್ಟಳು. ಆ ನಂಬಿಕೆ ಶೈಲಶ್ರೀಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಸಂಜೆ ಪ್ರಮೋದ ಪಂದ್ಯಾವಳಿಯ ವೇದಿಕೆಯಿಂದ ಇಳಿಯುವಾಗ ಮೆಟ್ಟಿಲು ಜಾರಿದ. ಬಿದ್ದ ಕೂಡಲೆ ಎದ್ದು, ಮೈಕು ಇನ್ನೂ ಕೈಯಲ್ಲೇ ಇದ್ದದ್ದರಿಂದ, “ರೆಫರಿ, ನಾನು ಔಟಲ್ಲ” ಎಂದು ಜನರನ್ನು ನಗಿಸಿದ. ಬೆಳಗಾಗುವಷ್ಟರಲ್ಲಿ ಬಲಗಾಲು ಮಡಿಚಿಕೊಂಡು ನೆಟ್ಟಗಾಗದಾಯಿತು. ತೊಡೆಸಂದಿ ಊದಿ ಕಲ್ಲಾಗಿತ್ತು. ಒಳಗಿನ ದೊಡ್ಡ ಮಾಂಸಖಂಡದಲ್ಲಿ ರಕ್ತ ತುಂಬಿಕೊಳ್ಳುತ್ತಿದೆ, ಬೇಕಾದಷ್ಟು ತುಂಬುವ ಜಾಗ ಅದು ಎಂದರು ಮನೆಗೆ ಬಂದು ನೋಡಿದ ವೈದ್ಯರು. ಒಂದು ಶೀಶೆ ಸಿಕ್ಕಿದರೂ ಸೋರುವುದನ್ನು ತಡೆಯಬಹುದು. ಸಿಗದಿದ್ದರೆ? ಅವರು ಚೀಲದ ಜಿಪ್ಪು ಎಳೆದು, ಮಂಜುಗಡ್ಡೆ ಇಡಿ, ಅಲುಗಾಡಿಸಬೇಡಿ ಎಂದಷ್ಟೇ ಹೇಳಿ ಹೋದರು.

ಮಧ್ಯಾಹ್ನ, ಅಮ್ಮ ಅಡುಗೆಮನೆಯಲ್ಲಿ ಗಂಜಿಗೆ ಇಟ್ಟಿದ್ದಾಗ, ಶೈಲಶ್ರೀ ಕರವಸ್ತ್ರ ಬಿಚ್ಚಿ ತಮ್ಮನ ಮುಂದೆ ಶೀಶೆ ಹಿಡಿದಳು. ಎಲ್ಲವನ್ನೂ ಹೇಳಿದಳು. ನೀಲಿ ಗೆರೆ, ಮೇಷ್ಟರ ಕಾಮಾಲೆ, ಇದರಲ್ಲಿ ಇರಲೂಬಹುದು ಇಲ್ಲದಿರಲೂಬಹುದು ಎಂಬುದು.

“ಕಾಮಾಲೆ ಬಂದ್ರೆ ಅದಕ್ಕೆ ವರ್ಷಗಟ್ಟಲೆ ಹೊತ್ತಿದೆ ಕಣೋ. ಅಷ್ಟರಲ್ಲಿ ಅದಕ್ಕೂ ಏನಾದ್ರೂ ಬರತ್ತೆ. ಇದಕ್ಕೆ ಹೊತ್ತಿಲ್ಲ.”

ಪ್ರಮೋದ ನೋವಿನಲ್ಲಿ ಬೆವರುತ್ತಿದ್ದ. ಶೀಶೆಯನ್ನೇ ನೋಡಿದ. “ಎಷ್ಟು ಜನಕ್ಕೆ ಹೀಗೆ ಇಟ್ಟಿದ್ದೀಯ?”

“ಇದೊಂದೇ.”

“ಬೇರೆಯೋರಿಗೆಲ್ಲ ಏನ್ ಹೇಳ್ದೆ?”

ಅವಳು ಮಂಜುಗಡ್ಡೆಯ ಚೀಲವನ್ನು ಅವನ ತೊಡೆಯ ಮೇಲೆ ಸರಿಮಾಡಿ ಇಟ್ಟಳು.

“ನಾಗಭೂಷಣ ಆಸ್ಪತ್ರೇಲಿದಾನೆ ಅಂತ ನಿನ್ನೆ ಯಾರೋ ಅಂದ್ರು. ನಾನೂ ಅವ್ನೂ ಮಕ್ಕಳ ವಾರ್ಡಲ್ಲಿ ಒಟ್ಟಿಗೆ ಕೇರಂ ಆಡಿದೋರು. ಅವನ ಮನೆಯೋರು ಕೇಳಿದ್ರಾ?”

“ಕೇಳಿದ್ರು.”

“ಇಲ್ಲ ಅಂದ್ಯಾ?”

“ನೀನು ನನ್ ತಮ್ಮ ಕಣೋ.”

“ಪಂಕ್ತಿ ಅಂತ ಹೆಸರಿಟ್ಟುಕೊಂಡಿದ್ದೀರ,” ಎಂದ ಪ್ರಮೋದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಒಂದೇ ಸಾಲಲ್ಲಿ ಕೂತೋರಿಗೆ ಒಬ್ಬನಿಗೆ ಬಡಿಸಿ ಇನ್ನೊಬ್ಬನಿಗೆ ಮುಗೀತು ಅನ್ನೋದಕ್ಕೆ ಏನಂತಾರೆ ಹೇಳು. ಪಂಕ್ತಿಭೇದ. ಅಜ್ಜಿ ಬದುಕಿದ್ದಿದ್ರೆ ಸೌಟಲ್ಲೇ ಹೊಡೀತಿದ್ಲು.”

“ವಿಷ ಇರಬಹುದು ಅಂತ ಅವರಿಗೆ ಕೊಡಲಿಲ್ಲ.”

“ವಿಷ ಆದ್ರೆ ನಂಗ್ಯಾಕೆ? ಔಷಧ ಆದ್ರೆ ಅವನಿಗ್ಯಾಕಿಲ್ಲ? ಎರಡರಲ್ಲಿ ಒಂದು ಹೇಳು ಅಕ್ಕ.”

ಹಲ್ಲು ಕಚ್ಚಿ ಅವನು ಮತ್ತೆ ಮಾತಾಡಿದ. “ಫೋನ್ ಮಾಡು. ಒಂದಿದೆ, ಹೀಗಿದೆ ಅಂತ ನಿಜ ಹೇಳು. ಅವರು ಬೇಕಂದ್ರೆ ತಿಪ್ಪೇರುದ್ರಪ್ಪನವರ ಕೈಲಿ ಕಳ್ಸು. ಬೇಡ ಅಂದ್ರೆ ಕೊಡು, ಚುಚ್ಚಿಸ್ಕೋತೀನಿ.”

ಅದು ನ್ಯಾಯದ ಮಾತು. ನ್ಯಾಯ ಅಷ್ಟು ದುಬಾರಿಯಾಗಬಹುದೆಂದು ಅವಳಿಗೆ ತಿಳಿದಿರಲಿಲ್ಲ. ಒಂದು ಕೈಯಲ್ಲಿ ಶೀಶೆ ಹಿಡಿದೇ ಇನ್ನೊಂದು ಕೈಯಲ್ಲಿ ಫೋನು ಮಾಡಿದಳು. ಪ್ರಮೋದ ಸ್ಪೀಕರ್ ಹಾಕೆಂದು ಸನ್ನೆ ಮಾಡಿದ.

ಆ ಕಡೆ ಜನರ ಗದ್ದಲ ಕೇಳಿಸಿತು. ಜಯಶೀಲಳೇ ಫೋನು ಎತ್ತಿಕೊಂಡಳು.

“ಬೆಳಿಗ್ಗೆ ಹೋದ್ರು ಮೇಡಂ. ಈಗ ಮನೆಗೆ ಕರ್ಕೊಂಡ್ ಬಂದಿದೀವಿ. ನಿಮಗೆ ಹೇಳೋಣ ಅಂತಿದ್ದೆ.”

ಶೈಲಶ್ರೀ ಮಾತಾಡದ್ದನ್ನು ದುಃಖವೆಂದುಕೊಂಡು ಜಯಶೀಲಳೇ ಸಮಾಧಾನ ಹೇಳಿದಳು. “ನೀವೇನ್ ಮಾಡ್ತೀರ, ಇದ್ದಿದ್ರೆ ಓಡ್ಕೊಂಡ್ ಬರ್ತಿದ್ರಿ. ನಿಮ್ ತಮ್ಮ ಬಿದ್ರಂತೆ, ಇಲ್ಲಿ ಯಾರೋ ಅಂತಿದ್ರು. ಹೇಗಿದಾರೆ? ಅವ್ರಿಗೆ ಔಷಧ ಸಿಕ್ತಾ?”

ಗಾಜಿನ ಶೀಶೆ ಅಂಗೈಯ ಬೆವರಿಗೆ ಜಾರುತ್ತಿತ್ತು. ನಿಜ ಹೇಳಬೇಕೆಂದೇ ಶೈಲಶ್ರೀ ಬಾಯಿ ತೆರೆದಳು. ಹೆಣದ ಮುಂದೆ ಕೂತ ಹೆಂಗಸಿಗೆ ಆ ನಿಜವನ್ನು ಹೇಗೆ ಹೇಳುವುದು? ಹೇಳುವ ಧೈರ್ಯ ಬರಲಿಲ್ಲ.

“ಇಲ್ಲಮ್ಮ. ಅವನಿಗೂ ಸಿಕ್ಕಿಲ್ಲ,” ಎಂದಳು.

“ಅಯ್ಯೋ ಪಾಪ,” ಎಂದಳು ಜಯಶೀಲ. ಅದು ಮನಸಾರೆ ಬಂದ ಮಾತು. “ದೇವರು ಅವರನ್ನಾದ್ರೂ ಉಳಿಸ್ಲಿ.”

ಶೈಲಶ್ರೀ ಫೋನು ಇಟ್ಟಳು. ಪ್ರಮೋದ ಕಣ್ಣು ಮುಚ್ಚಿದ್ದ. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಒರೆಸಿಕೊಳ್ಳಲಿಲ್ಲ.

“ಈಗ ಕೈ ಕೊಡು,” ಎಂದಳು ಶೈಲಶ್ರೀ. “ಅವನು ಹೋದ. ಇನ್ನು ಯಾರದ್ದೂ ಕಿತ್ತುಕೊಂಡ ಹಾಗಾಗಲ್ಲ. ನಿನ್ ಕಾಲಿಗೆ ಬೀಳ್ತೀನಿ.”

“ಸಿಕ್ಕಿಲ್ಲ ಅಂತ ಹೇಳಿಬಿಟ್ಯಲ್ಲ ಅಕ್ಕ, ಅವಳ ಗಂಡನ ಹೆಣ ಮುಂದಿರೋವಾಗ.” ಅವನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. “ನಾಳೆ ಅವಳು ನನ್ನ ನೋಡೋಕೆ ಬರ್ತಾಳೆ. ಅಂಥವಳು ಅವಳು. ಬಂದಾಗ ನಾನು ಯಾವ ಮುಖ ಇಟ್ಕೊಂಡು ಎದ್ದು ಕೂತಿರ್ಲಿ? ಹೇಳಿದ್ದನ್ನ ನಿಜ ಮಾಡು, ಹೋಗು.”

ಅವಳು ಬೇಡಿದಳು, ಬೈದಳು, ಮತ್ತೆ ಬೇಡಿದಳು. ಅವನು ಗೋಡೆಯ ಕಡೆ ಮುಖ ಮಾಡಿ, ಅಷ್ಟು ತಿರುಗಿದ್ದಕ್ಕೇ ನೋವಿನಿಂದ ನರಳಿದ. ಜೀವಮಾನವಿಡೀ ಮಾತಾಡಿ ಬದುಕಿದವನು ಆಮೇಲೆ ಒಂದು ಮಾತೂ ಆಡಲಿಲ್ಲ. ಅವನ ಹಠ ಅವಳಿಗೆ ಗೊತ್ತಿತ್ತು. ಬಲವಂತವಾಗಿ ಚುಚ್ಚಲು ಹೋಗಿ, ಅವನು ತಪ್ಪಿಸಿಕೊಳ್ಳುವಾಗ ಆ ಶೀಶೆ ಒಡೆದು ಗಾಯವಾದರೆ ಅದೇ ಸಾಕಾಗುತ್ತದೆ ಎಂಬುದೂ ಗೊತ್ತಿತ್ತು.

ಕೊನೆಗೆ ಎದ್ದು ಬಚ್ಚಲಿಗೆ ಹೋದಳು. ಮುಚ್ಚಳ ಕಿತ್ತು ಶೀಶೆಯನ್ನು ಬಗ್ಗಿಸಿದಳು. ಬಣ್ಣವಿಲ್ಲದ, ವಾಸನೆಯಿಲ್ಲದ ಒಂದಿಷ್ಟು ದ್ರವ. ಹತ್ತಾರು ಜನರ ರಕ್ತದಿಂದ ಸೋಸಿ ತೆಗೆದದ್ದು. ಅದರಲ್ಲಿ ಏನಿತ್ತೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವ ಹಾಗಿರಲಿಲ್ಲ. ನಲ್ಲಿ ತಿರುಗಿಸಿದಳು. ನೀರು ರಭಸವಾಗಿ ಬಂದು ಎಲ್ಲವನ್ನೂ ಬೆರೆಸಿಕೊಂಡು ಹೋಯಿತು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಹೊರಗೆ ಬಂದಾಗ ಸರ್ವಮಂಗಳಮ್ಮ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಗಳ ಕೆಂಪು ಕಣ್ಣು ನೋಡಿದಳು, ಬರಿಗೈ ನೋಡಿದಳು.

“ಎಲ್ಲಾದ್ರೂ ಸಿಕ್ತೇನೇ ಔಷಧ?”

“ಇಲ್ಲಮ್ಮ,” ಎಂದಳು ಶೈಲಶ್ರೀ. “ಎಲ್ಲೂ ಇಲ್ಲ.”

ಈ ಸಲ ಅದು ಸುಳ್ಳಾಗಿರಲಿಲ್ಲ.